ಹಸಿರು ಮುಚ್ಚಳದ ಗಂಜಿ

ಫೆಬ್ರವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ ಏಳೂವರೆಗೆ, ಅಮೆರಿಕದ ಬೆಲ್‌ರೋಸ್‌ನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯ ಮಿಸ್ ಪರ್ಲ್ ಹಸಿರು ಮುಚ್ಚಳದ ಪಾತ್ರೆಯೊಂದನ್ನು ತಂದಿಟ್ಟರು. ಒಳಗೆ ಬಿಸಿ ಮೆಕ್ಕೆಜೋಳದ ಗಂಜಿ. ತೆಂಗಿನ ಹಾಲು, ಜಾಯಿಕಾಯಿ, ಒಂದಿಷ್ಟು ಸಕ್ಕರೆ ಬೆರೆಸಿದ ಆ ಗಂಜಿ, ಜಮೈಕಾದಲ್ಲಿ ಅವರು ಹುಟ್ಟಿ ಬೆಳೆದ ಮನೆಯ ಬೆಳಗಿನ ತಿಂಡಿ.

ಅದು ಬಂದದ್ದು ನನ್ನ ಅತ್ತೆಗಾಗಿ. ರಾಣೆಬೆನ್ನೂರಿನಿಂದ ಬಂದಿದ್ದ ಅವರು ಮನೆಯೆದುರಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು, ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳಿ ಆರು ದಿನವಾಗಿತ್ತು. ಹೊಲಿಗೆ ಒಣಗುವವರೆಗೆ ಶವರ್ ಬೇಡ, ಮಾತ್ರೆ ತಿಂಡಿಯಾದ ಮೇಲೆಯೇ ಎಂದಿದ್ದರು ಡಾಕ್ಟರು. ಅತ್ತೆಗೆ ತಿಂಡಿ ಸೇರುತ್ತಿರಲಿಲ್ಲ. ಬರಿಹೊಟ್ಟೆಯಲ್ಲಿ ನುಂಗಿದ ಮಾತ್ರೆ ವಾಂತಿಯಾಗುತ್ತಿತ್ತು. ಇನ್ನೆರಡು ದಿನ ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾದೀತೆಂದು ಡಾಕ್ಟರು ಫೋನಿನಲ್ಲಿ ಎಚ್ಚರಿಸಿದ್ದರು.

ಸುದ್ದಿಮನೆಯಲ್ಲಿ ಕೆಲಸ ಮಾಡಿದವರಿಗೆ ಎಲ್ಲವನ್ನೂ ಬರೆದಿಡುವ ಚಟವಿರುತ್ತದೆ, ನೀವು ನೋಡಿರಬಹುದು. ನನ್ನ ನೋಟ್‌ಬುಕ್ಕಿನಲ್ಲೂ ದಾಖಲೆಯಿತ್ತು. ಓಟ್ಸ್, ಒತ್ತಾಯಕ್ಕೆ ಮೂರು ಚಮಚ. ಉಪ್ಪಿಟ್ಟು, ಒಂದು ತುತ್ತು. ಇಡ್ಲಿ, ಮುಟ್ಟಲಿಲ್ಲ. ಏನು, ಎಷ್ಟು, ಯಾವಾಗ ಎಂಬುದೆಲ್ಲ ಇತ್ತು. ಏಕೆ ಎಂಬುದೊಂದು ಇರಲಿಲ್ಲ. ಹಸಿವಿಲ್ಲವೆಂಬ ಅವರ ಮಾತನ್ನು ಕೆದಕಿ ನೋಡದೆ ಹಾಗೆಯೇ ಒಪ್ಪಿಕೊಂಡಿದ್ದೆ.

ಮಿಸ್ ಪರ್ಲ್ ನಿವೃತ್ತ ನರ್ಸು. ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಬಿಸಿನೀರು, ಸೋಪು, ಎರಡು ಟವೆಲ್ ಕೇಳಿದರು. "ವಾಶ್ ಫಸ್ಟ್, ಮಮ್ಮಾ. ದೆನ್ ವಿ ಈಟ್" ಎಂದು ಅತ್ತೆಯ ಮುಖ, ಕೈ, ಬೆನ್ನು, ಕಾಲುಗಳನ್ನು ಒಂದೊಂದಾಗಿ ತೊಳೆದು ಒರೆಸಿ, ಹೊಲಿಗೆಯ ಪಟ್ಟಿಗೆ ಹನಿ ತಾಗದಂತೆ ನೋಡಿಕೊಂಡು, ಒಗೆದ ಸೀರೆ ಉಡಿಸಲು ನನಗೆ ಸನ್ನೆ ಮಾಡಿದರು. ಅತ್ತೆ ವಿಭೂತಿಯ ಡಬ್ಬಿ ಕೇಳಿದರು. ಹಣೆಗೆ ಹಚ್ಚಿಕೊಂಡರು. ಆಮೇಲೆ ಬಟ್ಟಲಿಗೆ ಕೈಚಾಚಿದರು.

ಅರ್ಧ ಬಟ್ಟಲು ಮುಗಿದ ಮೇಲೆ ನನ್ನ ಮುಖ ನೋಡದೆ ಹೇಳಿದರು: "ಜಳಕ ಇಲ್ದ ಬಾಯಿಗೆ ಏನೂ ಹಾಕ್ಕೊಂಡಾಕಿ ಅಲ್ಲವ್ವಾ ನಾ. ನಿನ್ನ ಮುಂದ ಹೇಳಿದ್ರ, ಅಮೆರಿಕಾಕ್ಕ ಬಂದ್ರೂ ಮುದಿಕಿ ಹಟಾ ಬಿಡವಲ್ಲಳು ಅಂತಿದ್ದಿ."

ಅನ್ನುತ್ತಿರಲಿಲ್ಲ ಎನ್ನಲು ಹೊರಟೆ. ನನಗೇ ಖಾತ್ರಿಯಿರಲಿಲ್ಲ.

"ಇದು ನಮ್ಮ ಗೋವಿನಜೋಳದ ಗಂಜೀನ," ಎಂದರು ಅತ್ತೆ, ಬಟ್ಟಲ ತಳ ಕೆರೆಯುತ್ತ. "ಬೆಲ್ಲ ಒಂದು ಮರತಾಳ ನೋಡು."

ಮೆಕ್ಕೆಜೋಳವೆಂದರೂ ಗೋವಿನಜೋಳವೆಂದರೂ ಒಂದೇ. ಈ ಖಂಡದಲ್ಲಿ ಹುಟ್ಟಿದ ಆ ಕಾಳು ಒಂದು ಕಡೆ ಜಮೈಕಾದ ಒಲೆಗೂ ಇನ್ನೊಂದು ಕಡೆ ರಾಣೆಬೆನ್ನೂರಿನ ಹೊಲಕ್ಕೂ ಹೋಗಿ, ಎರಡು ಮನೆಯವರೂ ತಮ್ಮದೇ ಎನ್ನುವಷ್ಟು ಒಗ್ಗಿಹೋಗಿ, ನಮ್ಮ ಬೀದಿಯಲ್ಲಿ ಒಂದೇ ಬಟ್ಟಲಿಗೆ ಬಂದದ್ದನ್ನು ನಾನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಆದರೆ ಆ ಬೆಳಿಗ್ಗೆ ನನ್ನ ಕಣ್ಣಲ್ಲಿ ಉಳಿದದ್ದು ಗಂಜಿಯಲ್ಲ, ಅದಕ್ಕೂ ಮೊದಲು ಕೇಳಿದ ಬಿಸಿನೀರು. ಕಾರಣ ತಿಳಿಯದೆಯೇ ಮಿಸ್ ಪರ್ಲ್ ಸರಿಯಾದದ್ದನ್ನು ಮಾಡಿದ್ದರು. ಆ ಋಣ ನನ್ನ ಮೇಲಿದೆ.

ಅಂದು ಮಾತ್ರೆ ಹೊಟ್ಟೆಯಲ್ಲಿ ನಿಂತಿತು. ಆಸ್ಪತ್ರೆಯ ಮಾತು ಮತ್ತೆ ಬರಲಿಲ್ಲ. ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಅತ್ತೆ ಅದರಲ್ಲಿ ಬೆಲ್ಲದ ಅಚ್ಚೊಂದನ್ನು ಇಡಿಸಿದರು.

ಈಗ ಏಪ್ರಿಲ್. ಅತ್ತೆ ಕೋಲೂರಿಕೊಂಡು ತಾವೇ ಸ್ನಾನಕ್ಕೆ ಹೋಗುತ್ತಾರೆ. ಇಂದು ಬೆಳಿಗ್ಗೆ ಏಳೂವರೆಗೆ ಹಸಿರು ಮುಚ್ಚಳದ ಪಾತ್ರೆ ಬಂತು. ಗಂಜಿಯ ಬಣ್ಣ ಬೆಲ್ಲದಂತೆ ಕಂದಾಗಿತ್ತು. ಅತ್ತೆ ಎರಡು ಬಟ್ಟಲು ಉಂಡರು.