ಕಲೋನಿನಲ್ಲಿ ನೋವು ಕೇಳುವ ಶಮೀಮ್

ಬೆಳಗಿನ ಆರು ಗಂಟೆ. ಜರ್ಮನಿಯ ಕಲೋನಿನ ಫೆಬ್ರುವರಿ ಚಳಿಯಲ್ಲಿ ಬಾಯಿಂದ ಬಿದ್ದ ಮಾತು ನೆಲ ಮುಟ್ಟುವ ಮುನ್ನವೇ ಮಂಜುಗಡ್ಡೆಯಾಗುತ್ತದೆ. ಹಿಮಾಲಯವನ್ನು ಬರಿಗಾಲಲ್ಲಿ ತುಳಿದು ಬಂದ ನನ್ನಂಥ ಪತ್ರಿಕೆಯವನಿಗೇ ಹಲ್ಲು ಕಟಕಟ ಎನ್ನುತ್ತಿದೆ, ಉಳಿದವರ ಪಾಡು ಕೇಳಬೇಡಿ. ರೈನ್ ದಂಡೆಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಅರ್ಧ ಭೂಮಂಡಲವೇ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕುಳಿತಿದೆ. ಬೂದು ಕೋಟು ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿದ ಶಮೀಮ್ ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿ ಕೂರುತ್ತಾರೆ. ನಿಂತುಕೊಂಡು ಕೇಳುವವರು ಡಾಕ್ಟರರು, ತಾನು ಕೂತು ಕೇಳುವವಳು ಎನ್ನುತ್ತಾರೆ.

ಈಗ ಅವರ ಮುಂದಿರುವುದು ಗಂಗವ್ವ. ವಿಜಾಪುರದ ಕಡೆಯ ಡೋಣಿ ಹೊಳೆ ದಂಡೆಯ ಊರಿನಿಂದ, ಕಾರು ಕಂಪನಿಯ ಎಂಜಿನಿಯರ್ ಮಗ ಬಸವಪ್ರಸಾದನ ಮನೆಗೆ ಸೊಸೆಯ ಬಾಣಂತನಕ್ಕೆಂದು ಬಂದವರು.

"ಅವ್ವಾ, ಸೊನ್ನಿಯಿಂದ ಹತ್ತರೊಳಗ ನೋವು ಎಷ್ಟೈತಿ?"

"ಮೂರು ಅಂತ ಬರಕೊ ತಂಗಿ. ಪಾಪ, ಮಗಾ ಆಫೀಸಿಗೆ ಹೋಗೂದೈತಿ."

"ಆತು. ನಿನ್ನಿಯಿಂದ ಯಾವ್ಯಾವ ಕೆಲಸ ಬಿಟ್ಟೀರಿ?"

ಗಂಗವ್ವ ಯೋಚಿಸುತ್ತಾರೆ. "ರೊಟ್ಟಿ ಬಡೀಲಿಲ್ಲ. ಕೂಸಿಗೆ ಎರೀಲಿಲ್ಲ. ತಲಿ ಬಾಚ್ಕೊಂಡಿಲ್ಲ." ಆಮೇಲೆ ಪಕ್ಕದಲ್ಲಿ ನಿಂತ ಮಗನಿಗೆ ಕೇಳದ ಹಾಗೆ, "ಲಿಂಗಪೂಜಿನೂ ತಪ್ಪೇತಿ ನೋಡವ್ವಾ."

ಶಮೀಮ್ ನನ್ನ ಕಡೆ ತಿರುಗಿ, "ಇದು ಮೂರರ ನೋವಲ್ಲ ಅಣ್ಣಾರ" ಎನ್ನುತ್ತಾರೆ, ಮೆಲ್ಲಗೆ.

ಡಾಕ್ಟರರು ಬರುತ್ತಾರೆ. ಎತ್ತರ ಎಂದರೆ, ಅವರ ಮುಖ ನೋಡಲು ನಾನು ಎರಡು ಸಲ ತಲೆ ಎತ್ತಬೇಕಾಯಿತು. ಮಗನನ್ನು ಸಂಖ್ಯೆ ಕೇಳುತ್ತಾರೆ, ಮಗ ಮೂರು ಎನ್ನುತ್ತಾನೆ. ಸೀರೆಯ ಮೇಲಿಂದಲೇ ಹೊಟ್ಟೆ ಒತ್ತಿ, ಒಂದು ಮಾತ್ರೆ ಕೊಟ್ಟು, ಹೋಗುವಾಗ ನರ್ಸಿನ ಕಿವಿಯಲ್ಲಿ "ಮೋರ್ಬುಸ್ ಬೋಸ್ಪೊರುಸ್" ಎಂದು ನಗುತ್ತಾರೆ. ತುರ್ಕಿಯಿಂದ ಕೂಲಿಯವರು ಬಂದ ಕಾಲದಲ್ಲಿ ಹುಟ್ಟಿದ ಅಡ್ಡಹೆಸರು ಇದು: ಮೈಯೆಲ್ಲ ನೋವು ಎನ್ನುವ ಪರದೇಶಿಗಿರುವ ರೋಗ, ಅಂದರೆ ರೋಗವೇ ಇಲ್ಲ. ಗಂಗವ್ವ ತುರ್ಕಿಯ ಬಾಸ್ಫರಸ್ ಜಲಸಂಧಿ ಕಂಡವರಲ್ಲ, ಡೋಣಿ ದಾಟಿದ್ದೇ ಹೆಚ್ಚು. ಅತ್ತವರದು ನಾಟಕ, ಸುಮ್ಮನಿದ್ದವರಿಗೆ ನೋವಿಲ್ಲ, ಎರಡಕ್ಕೂ ಒಂದೇ ಮಾತ್ರೆ. ಮಧ್ಯಾಹ್ನ ಸ್ಕ್ಯಾನ್ ಮಾಡಿದಾಗ ಪಿತ್ತಕೋಶದಲ್ಲಿ ಒಂದು ಬಾವಿ ಕಟ್ಟಿಸುವಷ್ಟು ಕಲ್ಲು ಸಿಕ್ಕಿತು. ಅಲ್ಲಿಯವರೆಗೆ ಬೆಂಚೇ ಗತಿ.

ಶಮೀಮ್ ಆಗ ಬಾಯಿ ಬಿಡುವಂತಿಲ್ಲ. ಸರ್ಕಾರದ ಅಧ್ಯಯನಕ್ಕೆ ರೋಗಿಗಳನ್ನು ಮಾತಾಡಿಸಿ ಬರೆದುಕೊಳ್ಳುವುದು ಅವರ ಕೆಲಸ. "ಕೇಳಬೇಕು, ಹೇಳಬಾರದು. ನಾ ನಡಕ ಬಾಯಿ ಹಾಕಿದ್ರ ಲೆಕ್ಕ ಕೆಡತೈತಿ." ದಿನಕ್ಕೆ ಸಾವಿರ ಜನರನ್ನು ಮಾತಾಡಿಸುತ್ತಾರೆ ಎಂದು ಬರೆಯುವುದು ನನ್ನ ಇರಾದೆಯಾಗಿತ್ತು. "ಹದಿನೈದು ಇಪ್ಪತ್ತು ಅಂತ ಬರೀರಿ ಅಣ್ಣಾರ. ಸುಳ್ಳು ಬರಿಯೋ ಮಂದಿ ಈ ದೇಶದಾಗ ಮೊದಲ ಭಾಳ ಅದಾರ" ಎಂದು ನನ್ನ ಪೆನ್ನು ತಡೆದರು. ಮೂರು ಖಂಡಗಳಲ್ಲಿ ಯಾರೂ ತಡೆಯಲಾಗದ ಪೆನ್ನು ಅದು.

ವಿಜಾಪುರದಲ್ಲಿದ್ದಾಗ ಶಮೀಮ್ ಆರೋಗ್ಯ ಸಮೀಕ್ಷೆಗೆ ಮನೆಮನೆ ತಿರುಗಿದವರು. ಗಂಡಸರಿಗೆ ಹೇಳದ್ದನ್ನು ಹೆಂಗಸರು ಒಲೆಯ ಮುಂದೆ ಇವರಿಗೆ ಹೇಳುತ್ತಿದ್ದರು. "ನಮ್ಮ ಹೆಣ್ಮಕ್ಕಳಿಗೆ ನೋವು ಎಷ್ಟು ಅಂತ ಕೇಳಬಾರದ್ರಿ, ಕಡಿಮಿನ ಹೇಳ್ತಾರ. ಯಾವ ಕೆಲಸ ಬಿಟ್ಟಿ ಅಂತ ಕೇಳಬೇಕು. ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲ." ಗಂಡ ಅಬೂಬಕರ್, ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಪ್ರೋಗ್ರಾಮರ್ ಆಗಿ ಬಂದಾಗ ಜೊತೆಗೆ ಬಂದರು. ಸಂಜೆ ಶಾಲೆಯಲ್ಲಿ ಜರ್ಮನ್ ಕಲಿತರು. ಆ ಹೊತ್ತಿಗೆ ಬರ್ಲಿನ್ನಿನ ಸಚಿವಾಲಯವೊಂದು ಇಲ್ಲಿಯ ಸಂಶೋಧನಾ ಸಂಸ್ಥೆಗೆ ಒಂದು ಪ್ರಶ್ನೆ ವಹಿಸಿತ್ತು: ಮೈಬಣ್ಣ ಬೇರೆಯಾದರೆ ಆಸ್ಪತ್ರೆಯಲ್ಲಿ ಆರೈಕೆಯೂ ಬೇರೆಯಾಗುತ್ತದೆಯೆ? ಹಲವು ಭಾಷೆ ಬಲ್ಲ ಶಮೀಮ್‌ಗೆ ಕೆಲಸ ಸಿಕ್ಕಿತು. ಯಾವ ಕೆಲಸ ಬಿಟ್ಟಿರಿ ಎಂಬ ಅವರ ಪ್ರಶ್ನೆ ಸಂಸ್ಥೆಯ ಪ್ರೊಫೆಸರರಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲ ರೋಗಿಗಳ ಬಳಿಯೂ ಕೇಳಿಸಿದರು.

ಮೊದಲ ಸುತ್ತಿನ ಉತ್ತರ ಬೆಂಕಿಯ ಹಾಗೆ ಬಂತು. ಅಷ್ಟೇ ಕೆಲಸ ಬಿಟ್ಟು ಬಂದ ಬಿಳಿಯರಿಗೆ ಇಂಜೆಕ್ಷನ್, ಉಳಿದವರಿಗೆ ಮಾತ್ರೆ ಮತ್ತು ಬೆಂಚು. ಪ್ರೊಫೆಸರ್ ಅದನ್ನು ಹಾಗೆಯೇ ಬರೆದು ಬರ್ಲಿನ್ನಿಗೆ ಕಳಿಸಿದರು. ಅದು ಹೋದ ವರ್ಷ, ಎರಡು ಸಾವಿರದ ಎರಡರ ಬೇಸಿಗೆ, ಚುನಾವಣೆ ಎದುರಿಗಿತ್ತು. ಸಚಿವಾಲಯದಿಂದ ಇಬ್ಬರು ಬಂದರು. ನಗುನಗುತ್ತಾ ಕೇಕ್ ತಿಂದರು. ಈಗ ಇಂಥದ್ದು ಹೊರಬಿದ್ದರೆ ಬಲಗಡೆಯವರೂ ಬೈಯುತ್ತಾರೆ, ಎಡಗಡೆಯವರೂ ಬೈಯುತ್ತಾರೆ ಎಂದರು. ಮುಂದಿನ ವರ್ಷದ ಅನುದಾನ ಇನ್ನೂ ತೀರ್ಮಾನವಾಗಿಲ್ಲ ಎಂದೂ ಹೇಳಿದರು.

ಅಚ್ಚಾಗಿ ಬಂದ ವರದಿಯಲ್ಲಿ ಬಣ್ಣ ಎಂಬ ಪದವೇ ಇಲ್ಲ. ಶಮೀಮರ ಪ್ರಶ್ನೆ ವೈಜ್ಞಾನಿಕವಲ್ಲವೆಂದು ಬಿಟ್ಟುಹೋಗಿದೆ. ಕೊನೆಯ ತೀರ್ಪು: ಪರಕೀಯ ರೋಗಿಗಳಿಗೆ ಜರ್ಮನ್ ಬಾರದ್ದರಿಂದ ತೊಂದರೆಯಾಗುತ್ತಿದೆ, ಭಾಷಾ ತರಗತಿಗಳನ್ನು ಹೆಚ್ಚಿಸಬೇಕು. ನಾನು ಒಂದನ್ನು ಹತ್ತು ಮಾಡಿ ಹೊಟ್ಟೆ ಹೊರೆಯುವವನು, ಒಪ್ಪಿಕೊಳ್ಳುತ್ತೇನೆ. ಇವರು ಹತ್ತನ್ನು ಸೊನ್ನೆ ಮಾಡಿ ಪಿಂಚಣಿ ಪಡೆಯುವವರು.

ಭಾಷೆ ಬಾರದವರ ಪಟ್ಟಿಯಲ್ಲಿ ರೆನಾಟೆಯೂ ಇದ್ದಾರೆ. ಅಪ್ಪ ಘಾನಾದವನು, ಅಮ್ಮ ಈ ಊರಿನವಳು, ತಾನು ಇಲ್ಲಿಯೇ ಹುಟ್ಟಿ ಇಲ್ಲಿಯ ಟ್ರಾಮ್ ಓಡಿಸುವವಳು. ಮಾತಾಡುವುದು ಅಪ್ಪಟ ಕಲೋನಿನ ಜರ್ಮನ್. "ನನ್ನನ್ನು ನೋಡಿದ ಡಾಕ್ಟರ್ ಹ್ಯಾಂಬರ್ಗಿನವನು. ಅವನ ಭಾಷೆಯೇ ನನಗೆ ಅರ್ಥವಾಗಲಿಲ್ಲ. ತರಗತಿಗೆ ಅವನನ್ನು ಕಳಿಸಿ" ಎಂದು ಆಕೆ ನಗುತ್ತಾರೆ. ಮೊದಲ ಸುತ್ತಿನಲ್ಲಿ ಒಂದು ದಿನ ಅವರು ಟ್ರಾಮಿನ ಬ್ರೇಕ್ ತುಳಿಯಲಾಗದೆ ಬಂದವರು. ಅದನ್ನು ಶಮೀಮ್ ಬರೆದುಕೊಂಡಿದ್ದರು. ಬೆಂಚಿನ ಮೇಲೆ ಕಾದದ್ದಕ್ಕೆ ಒಂದು ಕಿಡ್ನಿ ಹೋಯಿತು.

"ಆಕಿ ನರಳೂ ಮುಂದ ನಾ ಬಾಜೂಕ ಇದ್ದೆ. ಲೆಕ್ಕ ಖರೇ ಬರ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ" ಎನ್ನುತ್ತಾರೆ ಶಮೀಮ್. "ಲೆಕ್ಕನ ಬದಲಿ ಮಾಡೋರಿದ್ರ, ನಾ ಯಾಕ ಮುಚ್ಕೋಬೇಕಿತ್ತು?"

ವರದಿಯ ಕೊನೆಗೆ ಕೃತಜ್ಞತೆಯ ಪುಟವಿದೆ. ಅದರಲ್ಲಿ ಶಮೀಮರ ಪೂರ್ತಿ ಹೆಸರು, ದಪ್ಪಕ್ಷರದಲ್ಲಿ. ಇದಕ್ಕಿಂತ ದೊಡ್ಡ ಗೌರವ ಏನಿದೆ ಎಂದರು ಪ್ರೊಫೆಸರ್. ಎರಡನೆಯ ಮುದ್ರಣ ವಸಂತಕ್ಕೆ ಬರಲಿದೆ, ಅದರಲ್ಲಿ ತನ್ನ ಹೆಸರು ಬೇಡ ಎಂದು ಶಮೀಮ್ ಕೇಳಿದ್ದಾರೆ. ವರದಿಯನ್ನು ಒಪ್ಪದವರನ್ನು ಮುಂದಿನ ಸುತ್ತಿಗೆ ಹೇಗೆ ತೆಗೆದುಕೊಳ್ಳುವುದು ಎಂದು ಪ್ರೊಫೆಸರ್ ತಲೆ ಕೆರೆದುಕೊಂಡರು. ಅರ್ಥ ಇಷ್ಟೇ: ಹೆಸರು ಇದ್ದರೆ ಕೆಲಸ, ಹೆಸರು ಹೋದರೆ ಮನೆ. ಅತ್ತ ಅಬೂಬಕರರ ಕಂಪನಿಯಲ್ಲಿ ಅರ್ಧ ಕುರ್ಚಿಗಳು ಈಗಾಗಲೇ ಖಾಲಿಯಾಗಿವೆ. ಅವರ ಕೆಲಸ ಹೋದರೆ ವೀಸಾ ಕಚೇರಿಯ ಬಾಗಿಲು ಕಾಯಬೇಕು.

"ಹೆಸರು ಇದ್ರ ನಿನಗೇನ ಹೊಟ್ಟಿ ನೋವು ಅಂತ ಕೇಳ್ದೆ ಸರ" ಎನ್ನುತ್ತಾರೆ ಅಬೂಬಕರ್. "ಯಾವ ಕೆಲಸ ಬಿಟ್ಟಿ ಅಂತ ಕೇಳ್ರಿ, ಹೇಳ್ತೀನಿ ಅಂದ್ಲು."

ಈ ತಿಂಗಳ ಕೊನೆಗೆ ಅಧ್ಯಯನದ ಈಗಿನ ಸುತ್ತು ಮುಗಿಯುತ್ತದೆ. ಹೆಸರು ತೆಗೆಯಿರಿ ಎಂದು ಶಮೀಮ್ ನಿನ್ನೆ ಕಡೆಯ ಮಾತು ಹೇಳಿ ಬಂದಿದ್ದಾರೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನಗೆ ಚಹಾ ಕೊಡಿಸುತ್ತಾ, ಇನ್ನು ಅಂಗಡಿಯಲ್ಲೋ ಮತ್ತೆಲ್ಲೋ ಏನಾದರೂ ನೋಡಿಕೊಳ್ಳಬೇಕು ಎನ್ನುತ್ತಾರೆ. ಒಂದು ಪುಟದ ಒಂದು ಹೆಸರಿಗಾಗಿ ಇಷ್ಟು ಹಟವೆ ಎಂದು ಕೇಳಿದೆ.

ಶಮೀಮ್ ಕಪ್ಪು ಕೆಳಗಿಟ್ಟರು. "ಮಂತ್ರಿ ಯಾರು, ಪ್ರೊಫೆಸರ್ ಯಾರು ಅಂತ ರೆನಾಟೆಗೆ ಗೊತ್ತಿಲ್ಲರಿ. ತಾ ಹೇಳಿದ್ದನ್ನ ತಿರುಚಿದವರು ಯಾರು ಅಂತ ಆಕಿ ಆ ಪುಸ್ತಕದಾಗ ಹುಡುಕಿದ್ರ, ಆಕಿ ಗುರುತಿನ ಹೆಸರು ಒಂದ ಇರ್ತೈತಿ. ಅದು ನಂದು."