ಎರಡನೆಯ ತಂತಿ

ಮಿಜಾರಿನ ಶಾಲೆಗೆ ನಾನು ಮಾಸ್ಟ್ರಾಗಿ ಹೋದ ಕಾಲದಲ್ಲಿ, ಯಾರ ಮನೆಗಾದರೂ ತಂತಿ ಬಂತೆಂದರೆ ಯಾರೋ ಸತ್ತಿದ್ದಾರೆ ಎಂದೇ ಲೆಕ್ಕ. ನನ್ನ ಬಿಡಾರದ ಪಕ್ಕದ ಮನೆಯ ಮಗ ಮಿಲಿಟರಿಯಲ್ಲಿದ್ದ. ಒಂದು ದಿನ ಅವರ ಮನೆಗೆ ತಂತಿ ಬಂತು. ಅಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ನಾನು ಹೋಗುವಷ್ಟರಲ್ಲಿ ತಾಯಿ ಅಂಗಳದಲ್ಲಿ ಬಿದ್ದು ಹೊರಳಾಡುತ್ತಿದ್ದರು. ಯಾರೋ ಒಲೆಗೆ ನೀರು ಸುರಿದಾಗಿತ್ತು. ಒಡೆದು ನೋಡಿದರೆ, ರಜೆ ಸಿಕ್ಕಿದೆ, ಶನಿವಾರ ಬರುತ್ತೇನೆ ಎಂದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಓದಿಸುವ ಮೊದಲೇ ಅಳುವುದು ಎಂಥದ್ದು? ಇನ್ನು ಹಾಗೆ ಮಾಡಬೇಡಿ" ಎಂದು ಎಲ್ಲರೆದುರು ಆ ತಾಯಿಯನ್ನು ಗದರಿಸಿದೆ.

ಶನಿವಾರ ಅವನು ಬಂದ. ತಿಂಗಳಿಡೀ ಅಣ್ಣನ ಜೊತೆ ಗದ್ದೆ ಉತ್ತ. ತಾನು ಸತ್ತ ಕಥೆಯನ್ನು ಸಿಕ್ಕಿದವರಿಗೆಲ್ಲ ಹೇಳಿ ನಗಿಸಿದ. ಹೊರಡುವಾಗ ನನಗೂ "ಬರ್ತೇನೆ ಮಾಸ್ಟ್ರೇ" ಎಂದ.

ಚೀನಾದ ಯುದ್ಧ ಶುರುವಾದ ಮೇಲೆ ಇನ್ನೊಂದು ತಂತಿ ಬಂತು. ನಾನು ಓಡಿಕೊಂಡೇ ಹೋದೆ. ತಾಯಿ ಅಳುತ್ತಿರಲಿಲ್ಲ. ಮಗನಿಗೆ ಇಷ್ಟದ ಕೋರಿರೊಟ್ಟಿಗೆಂದು ಅಕ್ಕಿ ನೆನೆಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಒಡೆಯದ ಲಕೋಟೆಯನ್ನು ನನ್ನ ಕೈಗಿಟ್ಟರು.

"ಈ ಸಲ ನಾನು ಅಳಲಿಲ್ಲ, ನೋಡಿ" ಎಂದರು. "ಯಾವ ದಿನ ಅಂತ ಮಾತ್ರ ಹೇಳಿ, ಸಾಕು."

ತಂತಿಯಲ್ಲಿ ಒಂದು ತಾರೀಕು ಇತ್ತು. ಅದು ಕಳೆದು ಆರು ದಿನಗಳಾಗಿದ್ದವು.