ಓನರ್ ಬೈದ ವಿಡಿಯೋ

ನನಗೊಂದು ಚಟ ಅಂಟಿಕೊಂಡಿದೆ. ವಯಸ್ಸು ಐವತ್ತರ ಹೊಸ್ತಿಲಲ್ಲಿದೆ, ಮಹದೇವಪುರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಮೊಬೈಲು ಹಿಡಿದ ಮಕ್ಕಳನ್ನು ಕಣ್ಣಲ್ಲೇ ಸುಡುತ್ತೇನೆ. ಅಂಥ ನಾನು ಭಾನುವಾರ ತಿಂಡಿ ಮುಗಿದ ಕೂಡಲೇ ಮಗಳ ಲ್ಯಾಪ್‌ಟಾಪು ಕಿತ್ತುಕೊಂಡು ಆಟಕ್ಕೆ ಕೂರುತ್ತೇನೆ. ಅವಳೇ ಹಾಕಿಕೊಟ್ಟ ಆಟ. ಈಗ ಪಶ್ಚಾತ್ತಾಪ ಪಡುತ್ತಿದ್ದಾಳೆ.

ಓಡುವ, ಹಾರುವ, ಗುಂಡು ಹೊಡೆಯುವ ಆಟವಲ್ಲ ಇದು. ನಿಜವಾದ ನಟನಟಿಯರು ಕ್ಯಾಮೆರಾ ಮುಂದೆ ಕುಳಿತು ಮಾತಾಡಿದ ರಾಶಿ ರಾಶಿ ವಿಡಿಯೋ ತುಣುಕುಗಳು ಇದರಲ್ಲಿವೆ. ಯಾವುದೋ ದೇಶದ ಕಡಲೂರು. ಅಲ್ಲಿನ ಹೋಟೆಲಿನ ಯಜಮಾನ ಕಾಣೆಯಾಗಿದ್ದಾನೆ. ಅಡುಗೆಯವಳು, ಕಾವಲುಗಾರ, ಹೆಂಡತಿ, ಎಲ್ಲರೂ ಹೇಳಿಕೆ ಕೊಟ್ಟಿದ್ದಾರೆ. ನಾವು ಒಂದು ಪದ ಟೈಪ್ ಮಾಡಿದರೆ, ಆ ಪದ ಯಾರ ಬಾಯಲ್ಲಿ ಬಂದಿದೆಯೋ ಆ ತುಣುಕುಗಳಷ್ಟೇ ಮೇಲೆ ಬರುತ್ತವೆ. ಕಥೆಯನ್ನು ಯಾರೂ ಹೇಳುವುದಿಲ್ಲ. ಅವರೆಕಾಯಿ ಸೋಸಿದ ಹಾಗೆ ನಾವೇ ಕೂತು ಹುಳುಕು ಯಾವುದು, ಒಳ್ಳೆಯದು ಯಾವುದು ಎಂದು ಆರಿಸಬೇಕು.

ನಾನು ಮೊದಲು ಟೈಪ್ ಮಾಡಿದ ಪದ ‘ಗಂಡ’. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನವರು ಕನ್ನಡಕದ ಮೇಲಿಂದ ನೋಡಿ, “ಅಲ್ಲ ಕಣೇ, ಕಾಣೆಯಾಗಿರೋನೇ ಗಂಡ, ಅನುಮಾನಾನೂ ಅವನ ಮೇಲೇನಾ?” ಅಂದರು. ತನಿಖಾಧಿಕಾರಿಗಳು ಸಾರ್ವಜನಿಕರೊಂದಿಗೆ ಚರ್ಚಿಸುವುದಿಲ್ಲ.

ಹಾಗೆ ನೋಡಿದರೆ ಪತ್ತೇದಾರಿಕೆ ನಮ್ಮ ಕಟ್ಟಡಕ್ಕೆ ಹೊಸದಲ್ಲ. ಹೂಡಿಯ ಒಳಬೀದಿಯಲ್ಲಿರುವ ಈ ನಾಲ್ಕಂತಸ್ತಿನ ಮನೆಗಳಿಗೆಲ್ಲ ಸೇರಿ ನೀರಿನ ಮೋಟಾರಿನ ಸ್ವಿಚ್ಚು ಒಂದೇ, ಅದೂ ಮೆಟ್ಟಿಲ ಕೆಳಗೆ. ನಲ್ಲಿಯಲ್ಲಿ ನೀರು ನಿಂತವರು ಇಳಿದುಬಂದು ಸ್ವಿಚ್ಚು ಹಾಕುತ್ತಾರೆ, ಮೇಲೆ ಹೋಗಿ ಮರೆಯುತ್ತಾರೆ. ಟ್ಯಾಂಕು ತುಂಬಿ, ನೀರು ಪೈಪಿನಿಂದ ಕೆಳಗಿನ ಕರಿಬೇವಿನ ಗಿಡದ ಮೇಲೆ ಸುರಿಯುತ್ತದೆ. ಸ್ವಿಚ್ಚು ಹಾಕಿದವರು ಯಾರು? ನಾನು ಬಾಡಿಗೆಗೆ ಬಂದಂದಿನಿಂದ ಈ ಒಗಟು ಬಿಡಿಸಿದವರಿಲ್ಲ.

ಬಿಡಿಸಲು ಹಗಲಿರುಳು ಹೆಣಗಿದವರು ನಮ್ಮ ಓನರ್ ನಾರಾಯಣಪ್ಪನವರು ಮಾತ್ರ. ಹೋದ ವರ್ಷ ತೀರಿಕೊಂಡರು. ಹೂಡಿ ಇನ್ನೂ ಹಳ್ಳಿಯಾಗಿದ್ದಾಗಲೇ ಇದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದವರಂತೆ. ಬಾಡಿಗೆದಾರರನ್ನೂ ಸೊಪ್ಪಿನ ಮಡಿಯ ಹಾಗೆಯೇ ದಿನಾ ಒಂದು ಸುತ್ತು ಬಂದು ನೋಡುತ್ತಿದ್ದರು.

ಒಂದು ಭಾನುವಾರ ನಾನು ತನಿಖೆಯಲ್ಲಿ ಮುಳುಗಿದ್ದಾಗ ಅವರ ಹೆಂಡತಿ ಮುನಿಯಮ್ಮನವರು ಸೊಪ್ಪಿನ ಕಟ್ಟು ಹಿಡಿದು ಬಂದರು. ಟೀಚರಾದ್ದರಿಂದ ನಾನು ಅವರಿಗೆ ಮಿಸ್ಸಮ್ಮ. ಬಾಗಿಲಲ್ಲೇ ನಿಂತು ಪರದೆ ನೋಡಿ, “ಇದೇನ್ ಮಿಸ್ಸಮ್ಮ, ಯಾರಿವ್ರು?” ಅಂದರು. ಆದಷ್ಟು ಸರಳವಾಗಿ ವಿವರಿಸಿದೆ. ಸೊಪ್ಪಿನ ಕಟ್ಟು ಕೆಳಗಿಟ್ಟರು. ಆಮೇಲೆ ಕೇಳಿದರು.

“ಅಂಗಾರೆ ಯಾರ್ಯಾರ್ದೋ ಮಾತು ಉಡುಕ್ತೀಯ. ನಮ್ಮ ಯಜಮಾನ್ರುದು ಒಂದು ಉಡುಕ್ಕೊಡವ್ವ. ಮಖ ಗ್ವಾಡೆ ಮ್ಯಾಲೈತೆ, ದಿನಾ ನೋಡ್ತೀನಿ. ದನಿ ಮರ್ತೋಗ್ತಾ ಐತೆ. ಮೊದ್ಲು ಕಣ್ಮುಚ್ಚಿದ್ರೆ ಕೇಳಿಸ್ತಿತ್ತು. ಈಗ ಎಷ್ಟು ಕಣ್ಮುಚ್ಚಿದ್ರೂ ಬರಾಕಿಲ್ಲ.”

ಆಟದಲ್ಲಿ ಕಾಣೆಯಾದವನು ಸಿಕ್ಕರೂ ಸಿಗದಿದ್ದರೂ ಯಾರಿಗೂ ನಷ್ಟವಿಲ್ಲ. ಇದು ಹಾಗಲ್ಲ. ಲ್ಯಾಪ್‌ಟಾಪು ಮುಚ್ಚಿ ಅವರ ಹಿಂದೆ ಕೆಳಗಿಳಿದೆ.

ನಾರಾಯಣಪ್ಪನವರ ಮೊಬೈಲನ್ನು ಮಗ ಹೊಸ ಫೋನು ಕೊಳ್ಳುವಾಗ ಅಂಗಡಿಗೆ ಕೊಟ್ಟುಬಿಟ್ಟಿದ್ದ. ಉಳಿದದ್ದು ಮಗನ ಮದುವೆ, ಗೃಹಪ್ರವೇಶ, ಮೊಮ್ಮಗಳ ನಾಮಕರಣದ ವಿಡಿಯೋಗಳು. ಎಲ್ಲದರಲ್ಲೂ ನಾರಾಯಣಪ್ಪನವರು ಧಾರಾಳವಾಗಿದ್ದರು. ಪೇಟ ಕಟ್ಟಿಕೊಂಡು, ಬೀಗರ ಕೈಹಿಡಿದು, ಬಾಯ್ತುಂಬ ಏನೋ ಹೇಳುತ್ತಿದ್ದರು. ಏನು ಹೇಳುತ್ತಿದ್ದರು? ದೇವರೇ ಬಲ್ಲ. ನಮ್ಮ ವಿಡಿಯೋದವರ ಪದ್ಧತಿ ನಿಮಗೆ ಗೊತ್ತಲ್ಲ! ಮದುವೆಮನೆಯಲ್ಲಿ ಯಾರು ಬಾಯಿ ತೆರೆದರೂ ಅದರ ಮೇಲೆ ಒಂದು ಸಿನಿಮಾ ಹಾಡು ಹೊದಿಸುತ್ತಾರೆ. ಅಜ್ಜಿ ಅತ್ತರೂ ಹಾಡು, ಪುರೋಹಿತರು ಮಂತ್ರ ಹೇಳಿದರೂ ಹಾಡು. ನಾರಾಯಣಪ್ಪನವರು ತುಟಿ ಆಡಿಸಿದಾಗಲೆಲ್ಲ ಯಾರೋ ಹುಡುಗ ಪ್ರೀತಿಸಿದವಳಿಗಾಗಿ ಗೋಳಾಡುತ್ತಿದ್ದ. ಮುನಿಯಮ್ಮನವರು ಪ್ರತಿ ಸಲವೂ ಟಿವಿಯ ಹತ್ತಿರ ಸರಿದು ಕಿವಿಕೊಟ್ಟು, ಮತ್ತೆ ಹಿಂದೆ ಬಂದು ಕೂರುತ್ತಿದ್ದರು. ನೋಡಲಾಗಲಿಲ್ಲ.

ನಮ್ಮ ಬೀದಿಯ ತಿರುವಿನ ಅರಳಿಕಟ್ಟೆಯಲ್ಲಿ ಒಂದು ವೀರಗಲ್ಲಿದೆ. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಸ್ವರ್ಗ. ಅದೂ ಆ ಕಾಲದ ವಿಡಿಯೋ ಅನ್ನಿ. ಕೊಂದವನೂ ಇದ್ದಾನೆ, ಸತ್ತವನೂ ಇದ್ದಾನೆ, ಉಳಿಯ ಏಟು ಏಟಿಗೂ ಇದ್ದ ಕಲ್ಲುಕುಟಿಗ ಮಾತ್ರ ಇಲ್ಲ. ಮನೆಮನೆಯ ಆಲ್ಬಮ್ಮಿನದೂ ಇದೇ ಕಥೆ. ಎಲ್ಲರ ಫೋಟೋ ತೆಗೆದ ಚಿಕ್ಕಪ್ಪ ಒಂದರಲ್ಲೂ ಸಿಗುವುದಿಲ್ಲ. ಈ ಜ್ಞಾನ ನನಗೆ ತಾನಾಗಿ ಉದಯಿಸಿದ್ದಲ್ಲ, ಮುಂದಿನ ಭಾನುವಾರ ಆಟ ಕಲಿಸಿದ್ದು. ಅಡುಗೆಯವಳಿಂದ ಹಿಡಿದು ಹೋಟೆಲಿನ ಬೆಕ್ಕಿನವರೆಗೆ ಎಲ್ಲರನ್ನೂ ಅನುಮಾನಿಸಿ ಸೋತು ಕೂತಾಗ ಹೊಳೆಯಿತು: ಇಷ್ಟು ಹೇಳಿಕೆಗಳನ್ನು ಕ್ಯಾಮೆರಾ ಹಿಡಿದು ಚಿತ್ರಿಸಿದವನೊಬ್ಬ ಇದ್ದಾನಲ್ಲ! ಅವನು ಎಲ್ಲೂ ಕಾಣುವುದಿಲ್ಲ. ಆದರೆ ತುಣುಕನ್ನು ಕೊನೆಯವರೆಗೂ ಬಿಟ್ಟರೆ ಒಂದು ಕೆಮ್ಮು, ಒಂದು “ಆಯ್ತು” ಕೇಳಿಸುತ್ತದೆ. ಅವನೇ ಕಳ್ಳ.

ಕಳ್ಳ ಸಿಕ್ಕ ಸಂತೋಷಕ್ಕೆ ಕುಣಿಯಬೇಕಿತ್ತು. ನಾನು ಮೊಬೈಲು ಹುಡುಕಿದೆ. ನಾರಾಯಣಪ್ಪನವರು ಮುಖ ಕಾಣುವ ವಿಡಿಯೋಗಳಲ್ಲಿ ಮೂಗರು, ನಿಜ. ಆದರೆ ಅವರೇ ತೆಗೆದ ವಿಡಿಯೋಗಳು? ಟ್ಯಾಂಕು ತುಂಬಿದಾಗಲೆಲ್ಲ ತಾರಸಿಗೆ ಹತ್ತಿ, ಸುರಿಯುವ ನೀರನ್ನು ಚಿತ್ರಿಸಿ, ಬಾಡಿಗೆದಾರರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ ಬೈಯುತ್ತಿದ್ದರಲ್ಲ! ಅವರ ಮನೆಯವರು ಆ ಗ್ರೂಪಿನಲ್ಲಿರಲಿಲ್ಲ. ಬೈಗುಳವೆಲ್ಲ ನಮಗೇ ಮೀಸಲು.

ತೆರೆದು ನೋಡಿದರೆ ಎಲ್ಲ ಮಸುಕು ಚೌಕಗಳು. ಒತ್ತಿದರೆ, ಈ ವಿಡಿಯೋ ಈಗ ಸಿಗುವುದಿಲ್ಲ ಎಂಬ ಉತ್ತರ. ಯಾವ ಬಾಡಿಗೆದಾರ ತಾನೇ ಬೈಸಿಕೊಂಡದ್ದನ್ನು ಇಳಿಸಿಟ್ಟುಕೊಳ್ಳುತ್ತಾನೆ? ನನ್ನವರ ಫೋನಿನಲ್ಲೂ ಇಲ್ಲ. ಕೊನೆಗೆ ಗ್ರೂಪಿನಲ್ಲೇ ಕೇಳಿದೆ: ಓನರ್ ಬೈದ ವಿಡಿಯೋ ಯಾರ ಹತ್ತಿರವಾದರೂ ಇದೆಯಾ?

ಮಧ್ಯಾಹ್ನದ ಊಟದ ಹೊತ್ತಿಗೆ ಫೋನು ಬಂತು. ಬಸವರಾಜ, ಬಾಗಲಕೋಟೆ ಕಡೆಯವನು. ಇಲ್ಲಿ ಕಟ್ಟಡದ ಕೆಲಸ ಮಾಡುವಾಗ ನಮ್ಮ ತಾರಸಿಯ ಕೋಣೆಯಲ್ಲಿದ್ದ. ಈಗ ಬಾಗಲಗುಂಟೆಯಲ್ಲಿದ್ದು ಪೀಣ್ಯದ ಕಾರ್ಖಾನೆಗೆ ಹೋಗುತ್ತಾನೆ. ಮನೆ ಬಿಟ್ಟರೂ ಗ್ರೂಪು ಬಿಟ್ಟಿರಲಿಲ್ಲ.

“ಮೇಡಂ, ನನ್ ಕಡೆ ಅದಾವ್ರಿ. ನಾ ಏನೂ ಅಳಸೂದಿಲ್ರಿ. ಹೆಂಗ ಅಳಸೂದಂತ ಗೊತ್ತೂ ಇಲ್ರಿ. ಜಾಗಾ ತುಂಬೇತಿ, ಜಾಗಾ ತುಂಬೇತಿ ಅಂತ ಫೋನ್ ದಿನಾ ಒದರ್ತೈತಿ. ಒದರ್ಲಿ ಬಿಡ್ರಿ.”

ಬಸವರಾಜನ ಆ ಅಜ್ಞಾನಕ್ಕೆ ನಾನು ಕೈಮುಗಿದೆ, ಫೋನಿನಲ್ಲೇ.

ವಿಡಿಯೋ ಬಂದ ಕೂಡಲೇ ಕೆಳಗಿಳಿದೆ. ಮುನಿಯಮ್ಮನವರು ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದರು. ಏನೂ ಹೇಳದೆ ಒತ್ತಿದೆ. ಪರದೆಯಲ್ಲಿ ಟ್ಯಾಂಕು, ಸುರಿಯುವ ನೀರು. ದನಿ ಮಾತ್ರ ಮನೆ ತುಂಬ.

“ನೋಡ್ರಪ್ಪಾ! ನೋಡಿ, ಎಂಗ್ ಅರೀತಾ ಐತೆ. ಯಾರು ಮೋಟ್ರಾಕಿದ್ದು? ನೀರೇನು ನಿಮ್ ತಾತ ತಂದಿಟ್ಟವ್ನಾ?”

ಮುನಿಯಮ್ಮನವರು ದಡಕ್ಕನೆ ಎದ್ದು ಸೆರಗು ಸರಿಮಾಡಿಕೊಂಡರು. ಯಜಮಾನರು ಒಳಗೆ ಬಂದರೆಂದೇ ಅನ್ನಿಸಿತೇನೋ. ಬೈಗುಳ ಮುಗಿಯಿತು. ನಾನು ನಿಲ್ಲಿಸಲಿಲ್ಲ, ಆಟ ಕಲಿಸಿದ ಪಾಠ. ನಾರಾಯಣಪ್ಪನವರಿಗೂ ನಿಲ್ಲಿಸಲು ಬರುತ್ತಿರಲಿಲ್ಲವೆಂದು ಆಗಲೇ ತಿಳಿದದ್ದು. ವಿಡಿಯೋ ಚಾಲೂ ಇದ್ದಂತೆಯೇ ಫೋನು ಹಿಡಿದು ಮೆಟ್ಟಿಲಿಳಿದಿದ್ದಾರೆ. ಹವಾಯಿ ಚಪ್ಪಲಿ, ಪಂಚೆಯ ಅಂಚು, ಒಂದೊಂದೇ ಮೆಟ್ಟಿಲು, ಏದುಸಿರು. ನಾವ್ಯಾರೂ ಅಲ್ಲಿಯತನಕ ನೋಡಿದವರೇ ಅಲ್ಲ. ಆಮೇಲೆ ಬೇರೆಯದೇ ದನಿ, ಇದೇ ಅಡುಗೆಮನೆಯಲ್ಲಿ:

“ಮುನೀ, ಇನ್ನೂ ಇಸುಕ್ತಾನೇ ಇದ್ದೀಯಾ ಅವರೆಕಾಳ? ಬೆಳ್ಳು ನೋಯ್ತವೆ ಅಂತಿದ್ದೆ. ಇತ್ತ ಕೊಡು, ನಾನ್ ಇಸುಕ್ತೀನಿ. ನೀ ಓಗಿ ಒಸಿ ಮನೀಕೋ.”

ಮುನಿಯಮ್ಮನವರು ಅಳುತ್ತಾರೆಂದುಕೊಂಡಿದ್ದೆ. ಅವರು ಫೋನಿನ ಕಡೆ ನೋಡಿ, “ಬ್ಯಾಡ ಬುಡು ನೀನು. ನೀ ಇಸುಕಿದ್ರೆ ಅರ್ಧ ಕಾಳು ಸಿಪ್ಪೆ ಜತೆಗೇ ಓಗ್ತದೆ” ಅಂದರು. ಅತ್ತವಳು ನಾನು. ಆಮೇಲೆ ಅವರು ನನ್ನ ಕೈಹಿಡಿದು ಹೇಳಿದ್ದು ಒಂದೇ ಮಾತು: “ಇನ್ನೊಂದ್ ಸಲ ಆಕವ್ವ.”

ಆ ಆಟ ಮಾಡಿದವರು ಯಾವ ದೇಶದಲ್ಲಿದ್ದಾರೋ, ಅವರ ಹೊಟ್ಟೆ ತಣ್ಣಗಿರಲಿ. ಹೂಡಿಯಲ್ಲೊಂದು ಅಡುಗೆಮನೆಗೆ ಅವರು ಏನು ಕೊಟ್ಟರೆಂದು ಅವರಿಗೆ ಗೊತ್ತಾಗುವುದಿಲ್ಲ.

ಈಗ ಮುನಿಯಮ್ಮನವರ ಹೊಸ ಫೋನಿನಲ್ಲಿ ಆ ವಿಡಿಯೋಗಳೆಲ್ಲ ಇವೆ. ಟ್ಯಾಂಕು ತುಂಬಿ ಹರಿದರೆ ಅವರು ಬಾಯಿ ಮಾಡುವುದಿಲ್ಲ. ಮೆಟ್ಟಿಲ ಬುಡಕ್ಕೆ ಬಂದು, ಫೋನು ಮೇಲೆತ್ತಿ ಒತ್ತುತ್ತಾರೆ. “ನೋಡ್ರಪ್ಪಾ!” ಎಂದು ನಾರಾಯಣಪ್ಪನವರು ನಾಲ್ಕಂತಸ್ತಿಗೂ ಕೇಳುವಂತೆ ಗುಡುಗುತ್ತಾರೆ. ಹೊಸ ಬಾಡಿಗೆದಾರರು, ಅವರ ಮುಖವನ್ನೇ ಕಾಣದವರು, ಮೋಟಾರು ಆರಿಸಲು ಎದ್ದುಬಿದ್ದು ಓಡುತ್ತಾರೆ. ಬೈಗುಳ ಮುಗಿದ ಮೇಲೆ ಮುನಿಯಮ್ಮನವರು ಫೋನನ್ನು ಕಿವಿಗೆ ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಉಳಿದದ್ದು ಅವರೊಬ್ಬರಿಗೆ.

ನೀರು ಪೋಲು ಮಾಡಬಾರದು, ಮಕ್ಕಳಿಗೆ ನಾನೇ ಪಾಠ ಮಾಡುತ್ತೇನೆ. ಆದರೂ ನಿಮ್ಮ ಕಿವಿಯಲ್ಲೊಂದು ಮಾತು. ಕೆಲವು ಭಾನುವಾರ ಕರಿಬೇವಿನ ಗಿಡ ಬಾಡಿದ ಹಾಗೆ ಕಂಡರೆ, ಮೋಟಾರು ಹಾಕಿದವಳು ಆರಿಸುವುದನ್ನು ಒಂದು ಗಳಿಗೆ ಮರೆಯುತ್ತೇನೆ.